ತೊಳೆದ ಮೇಲೂ ರೆಕಾರ್ಡು ಚರಚರ ಅನ್ನುವುದೇಕೆ?

ಓದುಗರ ಪ್ರಶ್ನೆ: ಬಾಗಲಕೋಟೆಯ ಗುಜರಿ ಅಂಗಡಿಯಲ್ಲಿ 7 ಇಂಚಿನ ಹಳೆಯ ರೆಕಾರ್ಡುಗಳ ಒಂದು ಕಟ್ಟು ಸಿಕ್ಕಿತು. ಇಂಗ್ಲಿಷ್ ಪಾಪ್ ಸಿಂಗಲ್‌ಗಳು, ಸಿನಿಮಾ ಹಾಡುಗಳು ಸೇರಿ 30. ಬೋರ್‌ವೆಲ್ ನೀರಿನಲ್ಲಿ ಪಾತ್ರೆ ಸೋಪು ಹಾಕಿ ತೊಳೆದೆ. ಈಗ ಕನ್ನಡಿಯಂತೆ ಹೊಳೆಯುತ್ತವೆ, ಆದರೆ ಚರಚರ ಸದ್ದು ಮೊದಲಿಗಿಂತ ಜಾಸ್ತಿ. ತಪ್ಪಿದ್ದೆಲ್ಲಿ?

ಉತ್ತರ: ನೀರಿನಲ್ಲಿ. ಗೀಸರಿನ ಕಾಯಿಲ್ ಮೇಲೆ, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣ ಈಗ ನಿಮ್ಮ ರೆಕಾರ್ಡಿನ ಗ್ರೂವ್‌ನೊಳಗೆ, ಎಂದರೆ ಹಾಡು ಕೆತ್ತಿದ ಸುರುಳಿ ಗೆರೆಯೊಳಗೆ, ಒಣಗಿ ಕೂತಿದೆ. ಗ್ರೂವ್‌ನ ಅಗಲ ಸುಮಾರು 50ರಿಂದ 60 ಮೈಕ್ರಾನ್, ತಲೆಕೂದಲಿಗಿಂತ ತುಸು ಸಣ್ಣದು. ನೀವು ಒರೆಸಿದ್ದು ಮೇಲ್ಮೈಯನ್ನು. ಸೂಜಿ ಓಡುವುದು ಒಳಗಿನ ಗೋಡೆಗಳ ಮೇಲೆ. ಸೋಪಿನಿಂದ ಅರ್ಧ ಸಡಿಲವಾದ ಧೂಳು, ಗಡಸು ನೀರಿನ ಸುಣ್ಣ, ಸರಿಯಾಗಿ ಹೋಗದ ಸೋಪಿನ ಜಿಡ್ಡು, ಮೂರೂ ಒಳಗೆ ಇಳಿದು ಗಾರೆಯಂತೆ ಹಿಡಿದಿವೆ. ಇದಕ್ಕೆ ಮದ್ದಿದೆ. ಆದರೆ ಎಲ್ಲ ಸದ್ದೂ ಕೊಳೆಯ ಸದ್ದಲ್ಲ, ಆದ್ದರಿಂದ ಮೊದಲು ಕಿವಿಗೊಟ್ಟು ಕೇಳಬೇಕು.

ಟಕ್, ಟಕ್ ಎಂದು ತಾಳ ಹಾಕಿದಂತೆ ಬಂದರೆ ಅದು ಗೀರು. 45 ವೇಗದಲ್ಲಿ (ನಿಮಿಷಕ್ಕೆ 45 ಸುತ್ತು) ರೆಕಾರ್ಡು ಒಂದು ಸುತ್ತಿಗೆ 1.33 ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟೇ ಅಂತರಕ್ಕೆ ಸದ್ದು ಮರುಕಳಿಸಿದರೆ ತೊಳೆದು ಪ್ರಯೋಜನವಿಲ್ಲ. ತಾಳವಿಲ್ಲದೆ, ಒಗ್ಗರಣೆಗೆ ಸಾಸಿವೆ ಸಿಡಿದಂತೆ ಸಿಡಿದರೆ ಕೊಳೆ ಅಥವಾ ಸ್ಥಿರ ವಿದ್ಯುತ್ತು. ಹಾಡುಗಾರರು ದನಿ ಏರಿಸಿದಾಗ ಮಾತ್ರ ದನಿ ಒಡೆದು ಕರಕರ ಅಂದರೆ ಗ್ರೂವ್ ಸವೆದಿದೆ ಎಂದರ್ಥ. ಹಾಡಿನ ಮೊದಲರ್ಧ ಸ್ವಚ್ಛ, ಕೊನೆಗೆ ಮಾತ್ರ ಒಡಕು ಇದ್ದರೂ ಸವೆತವನ್ನೇ ಶಂಕಿಸಿ. ಹೊರಸುತ್ತಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 40 ಸೆಂ.ಮೀ. ಗ್ರೂವ್ ಹಾದುಹೋದರೆ, ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದು 25ಕ್ಕೆ ಇಳಿಯುತ್ತದೆ. ಅಷ್ಟೇ ಹಾಡು ಕಡಿಮೆ ಜಾಗದಲ್ಲಿ ಕಿಕ್ಕಿರಿದಿರುವುದರಿಂದ ಸವೆತ ಅಲ್ಲಿ ಮೊದಲು ಕೇಳಿಸುತ್ತದೆ. ಬದಿಗೆರಡರಂತೆ ನಾಲ್ಕು ಹಾಡು ಹಿಡಿಸುವ 7 ಇಂಚಿನ ತಟ್ಟೆಗಳಾದ ಇ.ಪಿ.ಗಳಲ್ಲಿ ಪ್ರತಿ ಬದಿಯ ಎರಡನೇ ಹಾಡಿಗೆ ಯಾವಾಗಲೂ ಈ ಪಾಡು.

ಮತ್ತೆ ತೊಳೆಯುವ ಮೊದಲು ಕಟ್ಟಿನಲ್ಲಿ 78 ವೇಗದ 10 ಇಂಚಿನ ರೆಕಾರ್ಡು ಸೇರಿಕೊಂಡಿದೆಯೇ ನೋಡಿ. ಅವು ವಿನೈಲ್ ಎಂಬ ಪ್ಲಾಸ್ಟಿಕ್ಕಿನವಲ್ಲ, ಅರಗಿನವು: ಕೈಗೆ ಭಾರ, ಬಿದ್ದರೆ ಹಂಚಿನಂತೆ ಚೂರು. ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯವರ ಕಾಲದ ಹಾಡುಗಳು ಬಂದದ್ದು ಇಂಥ ತಟ್ಟೆಗಳಲ್ಲಿ. ಕೆಳಗೆ ಹೇಳುವ ದ್ರಾವಣದ ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ. ಒಂದೇ ಸಲಕ್ಕೆ ಹಾಡು ಹೋಯಿತು. ಗುರುತು ಸಿಗದಿದ್ದರೆ ಆಲ್ಕೊಹಾಲ್ ಮುಟ್ಟಿಸಲೇಬೇಡಿ.

ಈಗ ವಿನೈಲ್. 30 ರೆಕಾರ್ಡಿಗೆ ಅರ್ಧ ಲೀಟರ್ ದ್ರಾವಣ ಸಾಕು: 400 ಮಿ.ಲೀ. ಡಿಸ್ಟಿಲ್ಡ್ ವಾಟರ್, 100 ಮಿ.ಲೀ. 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್, ಬಣ್ಣ-ವಾಸನೆ ಇಲ್ಲದ ಪಾತ್ರೆ ಲಿಕ್ವಿಡ್ ಎರಡೇ ಹನಿ. ಜಾಲಿಸಲು ಬೇರೆಯಾಗಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸೀಲ್ ಇರುವ ಬಾಟಲಿ ಕೇಳಿ, ಬ್ಯಾಟರಿ ಆ್ಯಸಿಡ್ ಅಲ್ಲ ಎಂದು ಚೀಟಿ ಓದಿ ಖಚಿತ ಮಾಡಿಕೊಳ್ಳಿ. ಮನೆಯ ಆರ್‌ಒ ನೀರು ನಡೆಯದೇ ಎಂದು ಕೇಳುವವರಿದ್ದಾರೆ. ನಡೆಯದು, ಅದರಲ್ಲೂ ಲವಣ ಉಳಿದಿರುತ್ತದೆ. ಆಲ್ಕೊಹಾಲ್ ಬದಲು ಸ್ಯಾನಿಟೈಸರ್ ಅಂತೂ ಬೇಡವೇ ಬೇಡ: ಅದರ ಗ್ಲಿಸರಿನ್ ಗ್ರೂವ್‌ನಲ್ಲಿ ಅಂಟಿ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುವ ವಸ್ತು, ಒಲೆ ಇರುವ ಅಡುಗೆಮನೆಯಲ್ಲಿ ಈ ಕೆಲಸ ಹೂಡಬೇಡಿ.

ನಿಮ್ಮವಕ್ಕೆ ಸುಣ್ಣ ಹತ್ತಿರುವುದರಿಂದ ಒಂದು ಹೆಚ್ಚಿನ ಸುತ್ತು ಬೇಕು. ಸುಣ್ಣ ಆಲ್ಕೊಹಾಲ್‌ಗೆ ಜಗ್ಗುವುದಿಲ್ಲ, ಹುಳಿಗೆ ಜಗ್ಗುತ್ತದೆ. ಬಿಳಿ ವಿನೆಗರ್ ಒಂದು ಪಾಲು, ಡಿಸ್ಟಿಲ್ಡ್ ವಾಟರ್ ಒಂಬತ್ತು ಪಾಲು ಬೆರೆಸಿ ಮೊದಲು ಅದರಿಂದ ತೊಳೆದು, ಬರಿಯ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ, ಆಮೇಲೆ ಆಲ್ಕೊಹಾಲ್ ದ್ರಾವಣಕ್ಕೆ ಬನ್ನಿ.

ರೆಕಾರ್ಡಿನ ನಡುವಿನ ಕಾಗದದ ಲೇಬಲ್ ಸುಮಾರು 9 ಸೆಂ.ಮೀ. ಅಗಲ. ಅದೇ ಅಳತೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಕವುಚಿ ಹಾಕಿ. ಲೇಬಲ್ ನೆಂದು ಬಣ್ಣ ಬಿಟ್ಟರೆ ಸಂಗ್ರಹಕಾರರ ಲೆಕ್ಕದಲ್ಲಿ ಅರ್ಧ ಬೆಲೆ ಹೋದಂತೆ. ಒಣ ಬ್ರಷ್‌ನಿಂದ ಸಡಿಲ ಧೂಳು ತೆಗೆಯಿರಿ. ಒಂದು ಬದಿಗೆ 5 ಮಿ.ಲೀ. ದ್ರಾವಣ ಹಾಕಿ, ಮೆತ್ತನೆಯ ಸಣ್ಣ ಕೂದಲಿನ ಬ್ರಷ್‌ನಿಂದ ಗ್ರೂವ್ ಹೋದ ದಿಕ್ಕಿನಲ್ಲೇ ಹತ್ತು ಸುತ್ತು ತಿರುಗಿಸಿ. ಅಡ್ಡ ಉಜ್ಜಿದರೆ ಮರಳಿನ ಕಣ ಗೋಡೆಗಳನ್ನೇ ಗೀರುತ್ತದೆ. ಒಂದು ನಿಮಿಷ ಬಿಡಿ, ಆದರೆ ಒಣಗಲು ಬಿಡಬೇಡಿ. ಒಣಗಿದರೆ ಕರಗಿದ ಕೊಳೆ ಇದ್ದಲ್ಲೇ ಮತ್ತೆ ಕೂರುತ್ತದೆ; ಹತ್ತರಲ್ಲಿ ಎಂಟು ಮಂದಿ ಕೆಡಿಸಿಕೊಳ್ಳುವುದು ಈ ಹಂತದಲ್ಲೇ ಎಂದರೂ ನಡೆದೀತು. ಮೈಕ್ರೋಫೈಬರ್ ಬಟ್ಟೆಯಿಂದ ಹೀರಿಸಿ, ಬರಿಯ ಡಿಸ್ಟಿಲ್ಡ್ ವಾಟರ್ ಹಾಕಿ ಮತ್ತೊಮ್ಮೆ ತಿರುಗಿಸಿ, ಬೇರೆ ಬಟ್ಟೆಯಿಂದ ಹೀರಿಸಿ. ತೊಳೆದ ಬಟ್ಟೆ, ಜಾಲಿಸಿದ ಬಟ್ಟೆ ಅದಲುಬದಲಾಗಬಾರದು. ತಟ್ಟೆ ಇಡುವ ಸ್ಟ್ಯಾಂಡಿನಲ್ಲಿ ನೆರಳಲ್ಲಿ ಅರ್ಧ ತಾಸು ನಿಲ್ಲಿಸಿ, ಫ್ಯಾನ್ ಹಾಕಬೇಡಿ. ಹಳೆಯ ಕಾಗದದ ಕವರಿಗೆ ಮರಳಿ ತುರುಕಿದಿರೋ, ತೊಳೆದದ್ದೆಲ್ಲ ನೀರಲ್ಲಿ ಹೋಮ. ಹೊಸ ಒಳಕವರು ಹಾಕಿ, ಚಿತ್ರವಿರುವ ಹೊರಕವರು ಬೇರೆ ಇಡಿ.

ಫೆವಿಕಾಲ್ ಸುರಿದು ಒಣಗಿಸಿ ಸಿಪ್ಪೆಯಂತೆ ಎಳೆಯುವ ವಿದ್ಯೆಯೂ ಉಂಟು. ವಿನೈಲ್ ಮೇಲೆ ಕೆಲಸ ಮಾಡುತ್ತದೆ. ಆದರೆ ತೆಳ್ಳಗೆ ಹಚ್ಚಿದರೆ ತುಂಡುತುಂಡಾಗಿ ಗ್ರೂವ್‌ನಲ್ಲೇ ಉಳಿಯುತ್ತದೆ. ಕೈಬಿಟ್ಟರೂ ಸರಿ ಎನಿಸುವ ರೆಕಾರ್ಡಿನ ಮೇಲೆ ಆಡಿ ನೋಡಿ.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ಸೂಜಿಯ ಕಡೆ ನೋಡಿ. ನೀಲಮಣಿ ತುದಿಯ ಸೂಜಿ ಸುಮಾರು 50 ತಾಸಿನಲ್ಲಿ ಸವೆಯುತ್ತದೆ, ವಜ್ರದ್ದು ನೂರಾರು ತಾಸು ಬಾಳುತ್ತದೆ. ಸವೆದ ಸೂಜಿ ಗ್ರೂವ್ ಓದುವುದಿಲ್ಲ, ಕೆತ್ತುತ್ತದೆ. ಚಾವಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು 45ರ ಮೇಲೆ ಇಟ್ಟರೆ ಒಂದೇ ಸುತ್ತಿಗೆ ಮುಗಿಯಿತು: ಅದು ರೆಕಾರ್ಡಿನ ಮೇಲೆ ಹೇರುವ ಭಾರ 100 ಗ್ರಾಂ ಮೀರುತ್ತದೆ, ಇಂದಿನ ಕಾರ್ಟ್ರಿಡ್ಜಿನದು (ಸೂಜಿ ಕೂರುವ ತಲೆಯದು) 2ರಿಂದ 5 ಗ್ರಾಂ. ಇನ್ನೊಂದು ಉಪಾಯ: 1960ರ ದಶಕದ ಇ.ಪಿ.ಗಳಲ್ಲಿ ಹೆಚ್ಚಿನವು ಮೊನೊ, ಎಂದರೆ ಎರಡೂ ಸ್ಪೀಕರಿಗೆ ಒಂದೇ ದನಿ. ಆಂಪ್ಲಿಫೈಯರ್‌ನಲ್ಲಿ ಮೊನೊ ಬಟನ್ ಇದ್ದರೆ ಒತ್ತಿ. ಸೂಜಿ ಮೇಲೆ-ಕೆಳಗೆ ಕುಣಿದು ಹುಟ್ಟುವ ಸದ್ದು ಎರಡು ಚಾನೆಲ್‌ಗಳಲ್ಲಿ ಒಂದನ್ನೊಂದು ಹೊಡೆದುಹಾಕುತ್ತದೆ, ಹಾಡು ಹಾಗೇ ಉಳಿಯುತ್ತದೆ.

ಮಾರ್ಚಿನಿಂದ ಮೇವರೆಗೆ ವಿಜಯಪುರ, ಬಾಗಲಕೋಟೆಯ ಒಣಹವೆಯಲ್ಲಿ ಕವರಿನಿಂದ ಎಳೆದ ಕೂಡಲೇ ರೆಕಾರ್ಡಿಗೆ ಸ್ಥಿರ ವಿದ್ಯುತ್ತು ಏರುತ್ತದೆ, ಎರೆಮಣ್ಣಿನ ಧೂಳು ಅಂಟುತ್ತದೆ. ನುಡಿಸುವ ಮುನ್ನ ಕಾರ್ಬನ್ ಫೈಬರ್ ಬ್ರಷ್ ಆಡಿಸಿ. ಬೆಳಗಾವಿಯ ಮಳೆಗಾಲದಲ್ಲಿ ತೊಂದರೆ ಉಲ್ಟಾ: ಸ್ಥಿರ ವಿದ್ಯುತ್ತಿಲ್ಲ, ಕಾಗದದ ಕವರಿಗೆ ಬೂಸ್ಟು. ಅಲ್ಲಿ ಗೋಡೆಗೆ ತಾಗದಂತೆ, ನೆಲದಿಂದ ಒಂದಡಿ ಮೇಲೆ ಇಡಿ. ಎರಡೂ ಕಡೆ ನಿಲ್ಲಿಸಿಯೇ ಇಡಬೇಕು, ಒಂದರ ಮೇಲೊಂದು ಪೇರಿಸಬಾರದು. ಪತ್ರಾಸಿನ ಸೂರಿನಡಿಯ ಅಟ್ಟ, ಬಿಸಿಲಲ್ಲಿ ನಿಂತ ಕಾರು, ಎರಡರಲ್ಲೂ ರೆಕಾರ್ಡು ಹಪ್ಪಳವಾಗುತ್ತದೆ. ಹಾಗೆ ಡೊಂಕಾದದ್ದನ್ನು ಒಲೆಯ ಕಾವಿನಲ್ಲಿ ನೇರ ಮಾಡಲು ಹೋಗದೆ, ಎರಡು ದಪ್ಪ ಗಾಜಿನ ನಡುವೆ ಭಾರ ಹೇರಿ ಕೆಲವು ವಾರ ಬಿಡಿ.