ಹೃದಯಾಘಾತದ ನಂತರ ಲಯ ತಪ್ಪುವ ಬಡಿತ

ಹೃದಯಾಘಾತದ ಮೊದಲ ಕೆಲವು ಗಂಟೆಗಳಲ್ಲಿ ಸಂಭವಿಸುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಹೃದಯದ ಸ್ನಾಯು ಪೂರ್ತಿ ಸೋತದ್ದಲ್ಲ, ಬಡಿತದ ಲಯ ಕೆಟ್ಟದ್ದು. ರಕ್ತ ಸಿಗದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸೋರಿ ಅವುಗಳ ವಿದ್ಯುತ್ ಸ್ಥಿತಿ ಏರುಪೇರಾಗುತ್ತದೆ. ಪಕ್ಕದ ಆರೋಗ್ಯವಂತ ಸ್ನಾಯುವಿನಲ್ಲಿ ಸರಾಗವಾಗಿ ಹರಿಯುವ ಸಂಕೇತ ಇಲ್ಲಿ ತಡೆದು, ನಿಧಾನಿಸಿ, ಸುತ್ತಿ ಬಂದು ಮತ್ತೆ ಅದೇ ಸ್ನಾಯುವನ್ನು ಕೆರಳಿಸುತ್ತದೆ. ಇದು ಮಿತಿಮೀರಿದಾಗ ಹೃತ್ಕುಕ್ಷಿಗಳು, ಅಂದರೆ ಹೃದಯದ ಕೆಳಗಿನ ಎರಡು ಕೋಣೆಗಳು, ರಕ್ತವನ್ನು ನೂಕುವ ಬದಲು ಸುಮ್ಮನೆ ಅದುರತೊಡಗುತ್ತವೆ, ರೋಗಿ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಆಗ ಬೇಕಾದದ್ದು ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವ ಕೈಗಳು ಮತ್ತು ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್.

ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೋ ಜಗಳೂರಿನಿಂದ ದಾವಣಗೆರೆಗೋ ಹೋಗುವ ದಾರಿ ಈ ಅಪಾಯದ ಅವಧಿಯೊಳಗೇ ಬೀಳುತ್ತದೆ. ಎದೆನೋವನ್ನು ಗ್ಯಾಸ್ ಎಂದು ಸೋಡಾ ಕುಡಿಸಿ ಕಾಯುವ ನಮ್ಮ ಕಡೆಯ ರೂಢಿ ಆ ಅವಧಿಯನ್ನು ಇನ್ನಷ್ಟು ತಿನ್ನುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದರ ಮಹತ್ವ ಇಲ್ಲಿದೆ: ರಕ್ತ ಬೇಗ ಹರಿದಷ್ಟೂ ಸ್ನಾಯು ಉಳಿಯುತ್ತದೆ, ಮುಂದೆ ಲಯ ಕೆಡಿಸುವ ಗಾಯದ ಕಲೆ ಚಿಕ್ಕದಾಗುತ್ತದೆ.

ಸತ್ತ ಸ್ನಾಯುವಿನ ಜಾಗದಲ್ಲಿ ವಾರಗಳ ಮೇಲೆ ಗಟ್ಟಿಯಾಗುವ ಈ ಕಲೆಯ ಅಂಚಿನಲ್ಲಿ ಅಲ್ಲಲ್ಲಿ ಬದುಕುಳಿದ ಎಳೆಗಳಿರುತ್ತವೆ. ವರ್ಷಗಳ ನಂತರವೂ ಅವುಗಳ ಮೂಲಕ ಸಂಕೇತ ಸುತ್ತು ಹಾಕಿ ಅತಿವೇಗದ ಬಡಿತ ಹುಟ್ಟಬಹುದು. ಇಸಿಜಿಯಲ್ಲಿ ಕಾಣುವ ಬಿಡಿ ಹೆಚ್ಚುವರಿ ಬಡಿತಗಳೇ ಇದರ ಮುನ್ಸೂಚನೆ, ಆದ್ದರಿಂದ ಅವನ್ನು ಔಷಧಿಯಿಂದ ಅಡಗಿಸಿದರೆ ಜೀವ ಉಳಿದೀತು ಎಂದು ವೈದ್ಯರು ಬಹುಕಾಲ ನಂಬಿದ್ದರು. ತರ್ಕ ಎಷ್ಟು ನೇರವಾಗಿತ್ತೆಂದರೆ ಅದನ್ನು ಪರೀಕ್ಷಿಸುವುದೇ ಅನಗತ್ಯವೆಂದು ಹಲವರಿಗೆ ತೋರಿರಬೇಕು. ಕಾಸ್ಟ್ ಎಂಬ ಪ್ರಯೋಗದಲ್ಲಿ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಮಾತ್ರೆಗಳನ್ನು ಹುಸಿಮಾತ್ರೆಯೊಂದಿಗೆ ಹೋಲಿಸಲಾಯಿತು. ಈ ಔಷಧಿಗಳಿಂದ ಹೆಚ್ಚುವರಿ ಬಡಿತ ಅಡಗುತ್ತದೆಂದು ಮೊದಲೇ ಖಾತ್ರಿಯಾದವರನ್ನಷ್ಟೇ ಆರಿಸಲಾಗಿತ್ತು. 1991ರಲ್ಲಿ ಪ್ರಕಟವಾದ ವಿವರಗಳಂತೆ ಔಷಧಿ ಪಡೆದ 755 ಮಂದಿಯಲ್ಲಿ 63 ಜನ ಸತ್ತರೆ, ಹುಸಿಮಾತ್ರೆ ನುಂಗಿದ 743 ಮಂದಿಯಲ್ಲಿ ಸತ್ತವರು 26. ಇಸಿಜಿ ಶಾಂತವಾಗಿತ್ತು, ರೋಗಿ ಉಳಿಯಲಿಲ್ಲ. ಸಂಕೇತದ ವೇಗ ತಗ್ಗಿಸುವ ಆ ಔಷಧಿಗಳು ಗಾಯಗೊಂಡ ಹೃದಯದಲ್ಲಿ ಸುತ್ತುಗಳಿಗೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿದ್ದವು ಎಂಬುದು ಇದಕ್ಕೆ ಕೊಡುವ ವಿವರಣೆ.

ಅಂದಿನಿಂದ ವೈದ್ಯರು ಬಿಡಿ ಬಡಿತಗಳನ್ನು ಎಣಿಸುವುದಕ್ಕಿಂತ ಎಕೋ ಪರೀಕ್ಷೆ ತೋರಿಸುವ ಪಂಪ್ ಶಕ್ತಿಗೆ, ಅಂದರೆ ಎಡ ಹೃತ್ಕುಕ್ಷಿ ಪ್ರತಿ ಬಡಿತದಲ್ಲಿ ತನ್ನಲ್ಲಿನ ರಕ್ತದ ಎಷ್ಟು ಪಾಲನ್ನು ಹೊರದಬ್ಬುತ್ತದೆ ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಇದು ಸರಿಯಾದ ಚಿಕಿತ್ಸೆಯ ನಂತರವೂ ಶೇ 35ಕ್ಕಿಂತ ಮೇಲೇಳದೆ, ನಡೆದರೆ ಆಯಾಸವೂ ಇದ್ದರೆ ಐಸಿಡಿ ಎಂಬ ಪುಟ್ಟ ಉಪಕರಣವನ್ನು ಎದೆಯ ಚರ್ಮದಡಿ ಅಳವಡಿಸುವ ಬಗ್ಗೆ ಯೋಚಿಸಲಾಗುತ್ತದೆ. 1980ರಲ್ಲಿ ಮಿಶೆಲ್ ಮಿರೋವ್‌ಸ್ಕಿಯವರ ತಂಡ ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದ ಈ ಉಪಕರಣ ಅಪಾಯದ ಲಯವನ್ನು ಗುರುತಿಸಿ ತಾನೇ ಆಘಾತ ಕೊಡುತ್ತದೆ. ಹೃದಯಾಘಾತದ ನಂತರ ಸಾಮಾನ್ಯವಾಗಿ ಕನಿಷ್ಠ 40 ದಿನ ಕಾಯುತ್ತಾರೆ, ಏಕೆಂದರೆ ಮರಗಟ್ಟಿದ ಸ್ನಾಯು ಅಷ್ಟರಲ್ಲಿ ಚೇತರಿಸಿಕೊಳ್ಳಬಹುದು.

ಎಲ್ಲ ಲಯದೋಷವೂ ಇಷ್ಟು ಗಂಭೀರವಲ್ಲ. ಹೃದಯದ ಕೆಳಗೋಡೆಯ ಆಘಾತದಲ್ಲಿ ಬಡಿತ ತೀರಾ ನಿಧಾನವಾದರೂ ಅದು ಹೆಚ್ಚಾಗಿ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಆದರೆ ಮನೆಗೆ ಬಂದ ರೋಗಿ ಎಚ್ಚರ ತಪ್ಪಿ ಬಿದ್ದರೆ, ಎದ್ದ ಮೇಲೆ ಆರಾಮಾಗಿದ್ದರೂ, ಅಂದೇ ವೈದ್ಯರಿಗೆ ತೋರಿಸಬೇಕು. ಬಡಿತದ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಅವರ ಸಲಹೆಯಿಲ್ಲದೆ ಥಟ್ಟನೆ ನಿಲ್ಲಿಸಬಾರದು.