ಹಳೇ ಕ್ಯಾಂಪರ್ ವ್ಯಾನ್: ಕೀ ತಿರುಗಿಸಿದಾಗ ಯಾವ ದೀಪ ಹೊತ್ತಬೇಕು?

ಒಳಗೇ ಮಲಗುವ ಜಾಗವಿರುವ ಕ್ಯಾಂಪರ್ ವ್ಯಾನಿನಲ್ಲಿ ಮೊದಲು ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಒಂದೆರಡು ಸೆಕೆಂಡ್ ಡ್ಯಾಶ್‌ಬೋರ್ಡ್ ನೋಡಿ. ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಹೊತ್ತಿರಬೇಕು. ಎಂಜಿನ್ ಇನ್ನೂ ತಿರುಗಿಲ್ಲ, ಆಯಿಲ್ ಪ್ರೆಶರೂ ಇಲ್ಲ, ಚಾರ್ಜೂ ಇಲ್ಲ ಅಲ್ವಾ? ಹೊತ್ತದಿದ್ದರೆ ಖುಷಿಪಡಬೇಡಿ. ಬಲ್ಬು ಸುಟ್ಟಿರಬಹುದು, ವೈರ್ ಕಳಚಿರಬಹುದು. ನಾಳೆ ನಿಜವಾಗಿ ಏನಾದರೂ ಕೆಟ್ಟರೂ ಅದು ಸುಮ್ನೆ ಇರುತ್ತದೆ.

ಬ್ಯಾಟರಿ ದೀಪವನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಬಲ್ಬಿನ ಒಂದು ತುದಿಗೆ ಇಗ್ನಿಷನ್‌ನಿಂದ ಕರೆಂಟ್ ಬರುತ್ತದೆ, ಇನ್ನೊಂದು ತುದಿ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಹೋಗುತ್ತದೆ. ಚಾರ್ಜ್ ಶುರುವಾದರೆ ಎರಡೂ ಕಡೆ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಆಗಿ ದೀಪ ಆರುತ್ತದೆ. ಎಷ್ಟೋ ಹಳೇ ಆಲ್ಟರ್ನೇಟರುಗಳು ಎಚ್ಚರವಾಗುವುದೇ ಈ ಬಲ್ಬಿನ ಮೂಲಕ ಬರುವ ಕರೆಂಟಿನಿಂದ. ಬಲ್ಬು ಹೋದರೆ ಚಾರ್ಜೂ ನಿಲ್ಲಬಹುದು. ಮಲಗುವ ಜಾಗದ ಎರಡನೇ ಬ್ಯಾಟರಿಗೆ ಕರೆಂಟ್ ಬಿಡುವ ರಿಲೇ (ಸಿಗ್ನಲ್ ಬಂದಾಗ ತಾನೇ ಆನ್ ಆಗುವ ಸ್ವಿಚ್) ಕೂಡ ಸಾಮಾನ್ಯವಾಗಿ ಬಲ್ಬಿನಿಂದ ಆಲ್ಟರ್ನೇಟರಿಗೆ ಹೋಗುವ ಇದೇ ವೈರಿನಿಂದ ಸಿಗ್ನಲ್ ಪಡೆಯುತ್ತದೆ. ಹಾಗಾಗಿ ಆಲ್ಟರ್ನೇಟರ್ ಬಿಚ್ಚುವ ಮುಂಚೆ ಬಲ್ಬು ನೋಡಿ. ಎಂಜಿನ್ ಓಡುವಾಗ ದೀಪ ಮಂಕಾಗಿ ಉರಿಯುತ್ತಿದ್ದರೆ ಆಲ್ಟರ್ನೇಟರಿನ ಒಳಗಿನ ಬ್ರಷ್ ಸವೆದಿರಬಹುದು, ಡಯೋಡ್ ಹೋಗಿರಬಹುದು, ಇಲ್ಲವೇ ಯಾವುದೋ ಟರ್ಮಿನಲ್ ತುಕ್ಕು ಹಿಡಿದಿರಬಹುದು.

ಗಾಳಿಯಿಂದ ತಂಪಾಗುವ ಫೋಕ್ಸ್‌ವ್ಯಾಗನ್ ಟೈಪ್ 2 ಇದ್ದವರಿಗೆ ಒಂದು ಮಾತು. 1600 ಸಿಸಿ ಎಂಜಿನ್ನಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನೂ ತಂಪು ಮಾಡುವ ಫ್ಯಾನನ್ನೂ ತಿರುಗಿಸುವುದು ಒಂದೇ ಬೆಲ್ಟ್. ದಾರಿಯಲ್ಲಿ ಬ್ಯಾಟರಿ ದೀಪ ಹೊತ್ತಿತು ಅಂದರೆ ಬೆಲ್ಟ್ ಹರಿದು ಎಂಜಿನ್ ವಿಪರೀತ ಬಿಸಿಯಾಗುತ್ತಿರಬಹುದು. ತಕ್ಷಣ ನಿಲ್ಲಿಸಿ ಬೆಲ್ಟ್ ನೋಡಿ.

ಇನ್ನು ಆಯಿಲ್ ದೀಪ. ಅದು ಹೇಳುವುದು ಪ್ರೆಶರ್ ಬಗ್ಗೆ, ಆಯಿಲ್ ಎಷ್ಟಿದೆ ಅಂತ ಅಲ್ಲ. ಅದಕ್ಕೆ ಡಿಪ್‌ಸ್ಟಿಕ್ ಬೇಕು. ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ದೀಪ ಆರಬೇಕು. ಆರದಿದ್ದರೆ ಆಕ್ಸಿಲರೇಟರ್ ಒತ್ತಿ ಆರಿಸಲು ಹೋಗಬೇಡಿ, ಎಂಜಿನ್ ಆಫ್ ಮಾಡಿ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಸರಿ ಇದ್ದರೆ ಈ ದೀಪ ಹೊತ್ತಿಸುವ ಪ್ರೆಶರ್ ಸ್ವಿಚ್ ಬಿಚ್ಚಿ ಅಲ್ಲಿ ಗೇಜ್ ಹಾಕಿಸಿ ಅಳೆಸಿ. ಸ್ವಿಚ್ಚೇ ಕೆಟ್ಟಿರುವುದೂ ಉಂಟು, ಆದರೆ ಅಳೆಯದೆ ಹಾಗೆ ಅಂದುಕೊಂಡು ಓಡಿಸಬೇಡಿ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಮಾತ್ರ ದೀಪ ಮಿನುಗಿದರೆ ಆಯಿಲ್ ತೆಳ್ಳಗಾಗಿರಬಹುದು, ಬೇರಿಂಗ್ ಸವೆದಿರಬಹುದು.

ಬ್ರೇಕ್ ದೀಪ ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಉರಿದರೆ ಬ್ರೇಕ್ ಆಯಿಲ್ ಡಬ್ಬಿ ನೋಡಿ, ಕಾರಣ ಸಿಗುವ ತನಕ ವ್ಯಾನ್ ಹೊರಡಿಸಬೇಡಿ. ಡೀಸೆಲ್ ವ್ಯಾನಿನಲ್ಲಿ ಸುರುಳಿ ಚಿತ್ರದ ದೀಪವೊಂದು ಜಾಸ್ತಿ ಇರುತ್ತದೆ: ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಕೊಡುವ ಗ್ಲೋ ಪ್ಲಗ್ ಬಿಸಿಯಾಗುತ್ತಿದೆ ಅಂತ ಅರ್ಥ. ಅದು ಆರಿದ ಮೇಲೆ ಸೆಲ್ಫ್ ಹೊಡೆಯಿರಿ.