ಬಯಲಿಗೆ ಸಸಿ ನೆಟ್ಟರೆ ಚಿಗರಿಗೆ ಒಳ್ಳೆಯದಾ?

ಪ್ರಶ್ನೆ: ನಮ್ಮೂರು ರಾಣೆಬೆನ್ನೂರು ಹತ್ತಿರ. ಚಿಗರಿಗಳು (ಕೃಷ್ಣಮೃಗಗಳು) ಹೊಲಕ್ಕೆ ಬರುತ್ತವೆ. ಊರಾಚೆಯ ಖಾಲಿ ಬಯಲಿನಲ್ಲಿ ಸಂಘದಿಂದ ಸಸಿ ನೆಟ್ಟು ಕಾಡು ಮಾಡಿದರೆ ಅವುಗಳಿಗೆ ಅನುಕೂಲ ಅಲ್ವಾ?

ಜೂನ್ ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಉತ್ತರವೂ ಅದೇ: ಇಲ್ಲ. ದಯವಿಟ್ಟು ಬಯಲಿನಲ್ಲಿ ಸಸಿ ನೆಡಬೇಡಿ.

ಆ ಬಯಲು ಖಾಲಿ ಇಲ್ಲ, ಅಲ್ಲಿ ಹುಲ್ಲಿದೆ. ಕೃಷ್ಣಮೃಗ ಹುಲ್ಲು ಮೇಯುವ ಪ್ರಾಣಿ. ಅದರ ಜೀವ ಕಾಯುವುದು ಕಣ್ಣು ಮತ್ತು ಕಾಲು. ತೋಳ ದೂರದಲ್ಲಿರುವಾಗಲೇ ಕಾಣಬೇಕು. ಕಂಡ ಕೂಡಲೇ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡಬೇಕು. ಮರ ದಟ್ಟವಾದರೆ ತೋಳವೂ ಕಾಣುವುದಿಲ್ಲ, ಓಡಲು ಜಾಗವೂ ಇಲ್ಲ. ನೆರಳಿಗೆ ಹುಲ್ಲು ಸೊರಗುತ್ತದೆ. ಆಗ ಅವು ಇನ್ನೂ ಜಾಸ್ತಿ ನಿಮ್ಮ ಹೊಲಕ್ಕೇ ಬರುತ್ತವೆ.

ದೂರ ಹೋಗಬೇಕಿಲ್ಲ, ನಿಮ್ಮ ಪಕ್ಕದ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಕೃಷ್ಣಮೃಗಕ್ಕಾಗಿ ಘೋಷಿಸಿದ ಜಾಗ, 119 ಚದರ ಕಿ.ಮೀ. ಅದರಲ್ಲಿ ಬಹುಪಾಲು ನೀಲಗಿರಿ ನೆಡುತೋಪು. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಹಕ್ಕಿಯೂ ಇತ್ತು. ಬಯಲಿನ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ದೊಡ್ಡ ಹಕ್ಕಿ ಅದು. ಈಗ ದೇಶದ ಬಯಲುಗಳಲ್ಲಿ ಉಳಿದಿರುವುದು 200ಕ್ಕೂ ಕಡಿಮೆ. ಬೇಟೆಯೂ ಕಾರಣ, ನಿಜ. ಆದರೆ ಬಯಲೆಲ್ಲ ನೀಲಗಿರಿಯಾದ ಮೇಲೆ ಅದು ಎಲ್ಲಿ ಮೊಟ್ಟೆ ಇಡಬೇಕು?

'ಮರ ಬೆಳೆದರೆ ಪ್ರಾಣಿ ಬರುತ್ತವೆ' ಎಂಬ ಮಾತನ್ನು ಶಾಲೆಯಲ್ಲಿ ಕಲಿಸಿದ್ದೇವೆ, ಗೋಡೆಗಳ ಮೇಲೆ ಬರೆಸಿದ್ದೇವೆ. ಹಾಗಾಗಿ ಅದು ತಲೆಯಿಂದ ಹೋಗುತ್ತಿಲ್ಲ. ಮಲೆನಾಡಿನ ಕಾಡಿಗೆ ಅದು ಸರಿ ಇರಬಹುದು. ಹಾವೇರಿ, ಗದಗದ ಬಯಲಿಗೆ ಸರಿ ಅಲ್ಲ. ಮರ ಬೇಡ ಅಂತ ಯಾರೂ ಹೇಳುತ್ತಿಲ್ಲ. ಬೇವು, ಹೊಂಗೆಯನ್ನು ಊರೊಳಗೆ ಹಾಕಿ, ರಸ್ತೆ ಬದಿಗೆ ಹಾಕಿ. ಬಯಲನ್ನು ಹುಲ್ಲಿಗೆ ಬಿಡಿ. ಮಣ್ಣು ಹಿಡಿದಿಡುವ ಕೆಲಸವನ್ನು ಹುಲ್ಲಿನ ಬೇರು ಚೆನ್ನಾಗಿಯೇ ಮಾಡುತ್ತದೆ.

ಹಾಗಾದರೆ ಕುರಿ ಮೇಯಿಸಬಹುದಾ? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಂದೆ ಬಂದು ಮೇಯ್ದು ಮುಂದಿನ ಊರಿಗೆ ಹೋದರೆ ಹುಲ್ಲು ಮತ್ತೆ ಚಿಗುರುತ್ತದೆ. ನಮ್ಮ ಕುರಿಗಾರರು ಮಾಡಿಕೊಂಡು ಬಂದದ್ದೂ ಹೀಗೇ. ವರ್ಷವಿಡೀ ಒಂದೇ ಕಡೆ ಮೇಯಿಸಿದರೆ ಹುಲ್ಲು ಬೀಜ ಕಟ್ಟುವುದಿಲ್ಲ. ತೋಳ ಒಂದು ಮರಿ ಒಯ್ದರೆ ಹೊಟ್ಟೆ ಉರಿಯುತ್ತದೆ, ಸಹಜ. ಆದರೂ ವಿಷ ಇಡಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ತೋಳಕ್ಕೂ ಚಿಗರಿಯಷ್ಟೇ ರಕ್ಷಣೆ ಇದೆ.

ಸಸಿಗೆಂದು ಎತ್ತಿಟ್ಟ ದುಡ್ಡಿಗೂ ಕೆಲಸ ಇದೆ. ಪಂಚಾಯಿತಿ ಒಪ್ಪಿಗೆ ಪಡೆದು ಬಯಲಿಗೆ ಹಬ್ಬಿರುವ ಬಳ್ಳಾರಿ ಜಾಲಿ ತೆಗೆಸಿ. ಬೇರು ಸಮೇತ ಕೀಳಿಸಿ, ಸುಮ್ನೆ ಕಡಿದರೆ ಮತ್ತೆ ಚಿಗುರುತ್ತದೆ.